ಬಾಗಿಲು ಹಾಕಿದ ಹೊತ್ತಿನಲ್ಲಿ ಎರಡು ನಿಮಿಷ ಹನ್ನೊಂದು ಸೆಕೆಂಡು

೧

ನೆನೆಹಾಕಿದ ಅವರೆಕಾಳನ್ನು ಎರಡು ಬೆರಳಲ್ಲಿ ಇತುಕಿ, ಬೇಳೆಯನ್ನು ಬಟ್ಟಲಿಗೂ ಸಿಪ್ಪೆಯನ್ನು ಮೊರಕ್ಕೂ ಹಾಕುತ್ತ ಕೂತಿದ್ದಳು ಪಾರ್ವತಮ್ಮ. ಬಟ್ಟಲು ಅರ್ಧ ತುಂಬಿತ್ತು. ಗೂಡಿನಲ್ಲಿದ್ದ ಗಂಡನ ಫೋನು ಹೊಡೆದುಕೊಂಡಿತು.

(ಕಥೆ ಇಲ್ಲಿಂದ ಶುರುವಾಗಬಹುದೇ? ಗಂಡ ಸತ್ತು ಮೂರು ವರ್ಷವಾಯಿತೆಂದು ಫೋನು ಎತ್ತುವ ಮೊದಲೇ ಹೇಳಬೇಕೋ, ಆಮೇಲೋ? ಹೇಳಿಯೇಬಿಟ್ಟೆ, ನೋಡಿ. ಗುಟ್ಟು ಮುಚ್ಚಿಟ್ಟು ಕಥೆ ಬರೆಯುವ ಜಾಣತನ ನನಗಿಲ್ಲ.)

"ಹುಚ್ಚಯ್ಯ ಇದ್ದಾರಾ?"

"ಸ್ನಾನಕ್ಕೆ ಓಗವ್ರೆ. ಏನಾಗ್ಬೇಕಿತ್ತು?"

ಮೂರು ವರ್ಷದಿಂದ ಹುಚ್ಚಯ್ಯ ಸ್ನಾನ ಮಾಡುತ್ತಲೇ ಇದ್ದಾನೆ. ಆ ಫೋನಿಗೆ ಕರೆ ಮಾಡಿದವರಿಗೆಲ್ಲ ಅವಳದು ಅದೇ ಉತ್ತರ. 'ಇಲ್ಲ' ಎನ್ನಲು ನಾಲಗೆ ಏಳುವುದಿಲ್ಲ.

"ಎರಡು ಲಕ್ಷ ಲೋನ್ ತಗೊಂಡು ಸ್ನಾನ ಮಾಡ್ತಾ ಕೂತ್ರೆ ಹೆಂಗಮ್ಮಾ? ಒಂದು ಕಂತೂ ಕಟ್ಟಿಲ್ಲ. ಇನ್ನು ಹದಿನೈದು ದಿನ. ಆಮೇಲೆ ಮನೆ ಬಾಗಿಲಿಗೆ ನೋಟಿಸ್ ಅಂಟಿಸ್ತೀವಿ."

"ಯಾವಾಗ ತಗೊಂಡ್ರಂತೆ?"

"ಸೆಪ್ಟೆಂಬರ್ ಇಪ್ಪತ್ತೊಂದು, ಭಾನುವಾರ. ನಾವೇ ಫೋನ್ ಮಾಡಿ ವೆರಿಫೈ ಮಾಡಿದೀವಿ. ಅವರೇ ಮಾತಾಡಿದ್ರು."

ಬೆರಳ ನಡುವಿನ ಬೇಳೆ ಜಾರಿ ನೆಲಕ್ಕೆ ಬಿತ್ತು. ಆ ಭಾನುವಾರ ಮಾಲಯ ಅಮಾವಾಸ್ಯೆ.

೨

ಹುಚ್ಚಯ್ಯ ಬಸ್ಸಿನ ಕಂಡಕ್ಟರ್ ಆಗಿದ್ದ. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ. ಇಪ್ಪತ್ತಾರು ವರ್ಷ ಅದೇ ದಾರಿ. ಬಾಗಿಲಲ್ಲಿ ನಿಂತು "ರೈಟ್... ರೈಟ್" ಎಂದರೆ ಎರಡನೆಯ 'ರೈಟ್' ಸ್ವಲ್ಪ ಎಳೆಯುತ್ತಿದ್ದ, ಯಾರೋ ಓಡಿಬರುತ್ತಿದ್ದಾರೇನೋ, ಅವರಿಗೊಂದು ಗಳಿಗೆ ಕೊಡುವವನ ಹಾಗೆ.

ಅವನು ಸತ್ತ ಸುದ್ದಿಯನ್ನು ಪಾರ್ವತಮ್ಮ ಬ್ಯಾಂಕಿಗೆ ತಿಳಿಸಲಿಲ್ಲ. ಕಾಗದ ಬರೆದಾಗಿತ್ತು. ಮರಣ ಪತ್ರದ ಜೆರಾಕ್ಸೂ ಲಕೋಟೆಯಲ್ಲಿತ್ತು. ಲಕೋಟೆ ಮಾತ್ರ ಗೋಡೆಯ ಮೇಲಿನ ಫೋಟೋದ ಹಿಂದೆಯೇ ಉಳಿಯಿತು. ಯಾಕೆಂದರೆ ಮೊದಲ ವರ್ಷ, ಅವನ ಹುಟ್ಟಿದ ದಿನ, ಬ್ಯಾಂಕಿನಿಂದ ಆ ಫೋನಿಗೆ ಒಂದು ಮೆಸೇಜು ಬಂತು: 'ಪ್ರಿಯ ಹುಚ್ಚಯ್ಯ, ಜನ್ಮದಿನದ ಶುಭಾಶಯಗಳು.' ಎರಡನೆಯ ವರ್ಷವೂ ಬಂತು. ಜೊತೆಗೆ ಹಳೆಯದರ ಅವಧಿ ಮುಗಿಯಿತೆಂದು ಅವನ ಹೆಸರಿಗೆ ಹೊಸ ಎಟಿಎಂ ಕಾರ್ಡೂ ಅಂಚೆಯಲ್ಲಿ ಬಂತು. ನಂಬರು, ಹೆಸರು, ಗುಟ್ಟಾಗಿರಬೇಕಾದ ಮೂರಂಕಿ, ಎಲ್ಲ ಒಂದೇ ಮಗ್ಗುಲಲ್ಲಿ. ಸತ್ತವನಿಗೆ ಇನ್ನೂ ಐದು ವರ್ಷ ವ್ಯಾಲಿಡಿಟಿ.

ಆ ವರ್ಷ ಹಿರಿಯರ ಎಡೆಗೆ ಬಾಡಿನ ಸಾರು, ವಡೆ, ಬೀಡಿ ಕಟ್ಟಿನ ಪಕ್ಕದಲ್ಲಿ ಅವಳು ಕಾರ್ಡನ್ನೂ ಫೋನನ್ನೂ ಇಟ್ಟಳು. ಮಗಳು ತೇಜಶ್ರೀ 'ಅಪ್ಪನಿಗೆ ಎಡೆ' ಎಂದು ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕಿದಳು. ಇನ್ನೂರು ಜನ ನೋಡಿದರು. ಕಾರ್ಡು ಬಹಳ ಚೆನ್ನಾಗಿ ಬಿದ್ದಿತ್ತು.

೩ (ಎರಡು ಸಲ ಹೊಡೆದುಹಾಕಿ ಮತ್ತೆ ಬರೆದದ್ದು)

ಈ ವರ್ಷ. ಮತ್ತೆ ಕಾರ್ಡು, ಫೋನು ಸಮೇತ ಎಡೆಯಿಟ್ಟು, ದೀಪ ಹಚ್ಚಿ, ತಾಯಿ ಮಗಳು ಹೊರಗೆ ಬಂದು ಬಾಗಿಲು ಎಳೆದುಕೊಂಡರು. ಹಿರಿಯರು ಬಂದು ಉಣ್ಣುವಷ್ಟು ಹೊತ್ತು ಮನೆಯವರು ಜಗಲಿಯ ಮೇಲೆ ಕಾಯಬೇಕು. ಒಳಗೆ ಇಣುಕಬಾರದು.

ಒಳಗೆ ಫೋನು ಹೊಡೆದುಕೊಂಡಿತು. ನಾಲ್ಕು ರಿಂಗು. ಐದನೆಯದು ಅರ್ಧಕ್ಕೇ ನಿಂತಿತು.

"ಕಟ್ ಆಯ್ತು," ಅಂದಳು ತೇಜಶ್ರೀ.

ಬಾಗಿಲು ತಟ್ಟಿ ಒಳಗೆ ಹೋದಾಗ ಎಲೆ ಇಟ್ಟಂತೆಯೇ ಇತ್ತು. ಫೋನು ಮಾತ್ರ ಬೋರಲಾಗಿತ್ತು. ಅವರು ಅದನ್ನು ಗಮನಿಸಲಿಲ್ಲ. (ನಾನು ಗಮನಿಸಿದ್ದೆ. ಆಗ ಬರೆಯಲಿಲ್ಲ.) ಸಾಲ ವಸೂಲಿಯ ಏಜೆಂಟನ ಆ ಕರೆ ಬಂದ ಮೇಲೆ ತೇಜಶ್ರೀ ಹುಡುಕಿ ನೋಡಿದಾಗ ಆ ದಿನದ ಲೆಕ್ಕದಲ್ಲಿ ಹೀಗಿತ್ತು: ಸ್ವೀಕರಿಸಿದ ಕರೆ, ಎರಡು ನಿಮಿಷ ಹನ್ನೊಂದು ಸೆಕೆಂಡು.

೪

ಹಾಸನದ ಸೈಬರ್ ಠಾಣೆ. ಗೌರೀಶ ಎಂಬ ಅಧಿಕಾರಿ ದೂರು ಬರೆದುಕೊಂಡರು. ಸ್ಟೇಟಸ್ಸಿನಿಂದ ಕಾರ್ಡಿನ ವಿವರ ಕದ್ದಿದ್ದಾರೆ, ಅದನ್ನೇ ಆಧಾರ ಮಾಡಿ ಲೋನ್ ಆ್ಯಪಿನಲ್ಲಿ ಸಾಲ ಎತ್ತಿದ್ದಾರೆ, ದುಡ್ಡು ನಾಲ್ಕು ಖಾತೆ ಹಾರಿ ಮಾಯವಾಗಿದೆ. ಇದಿಷ್ಟು ಅವರಿಗೆ ಸಲೀಸಾಗಿ ಅರ್ಥವಾಯಿತು.

"ಎಡೆಗೆ ಎಟಿಎಂ ಕಾರ್ಡ್ ಇಟ್ಟೋರನ್ನ ನನ್ನ ಸರ್ವೀಸಲ್ಲೇ ನೋಡಿರಲಿಲ್ಲಮ್ಮ."

"ಬೀಡಿ ಮಡಗಲ್ವಾ ಸಾ? ಅಂಗೇಯ. ಸಂಬ್ಳದ್ ದಿವ್ಸ ಕಾರ್ಡ್ನ ಜೇಬಿಂದ ತಗುದು ನಂಗ್ ತೋರ್ಸಿ ನಗೋರು."

ಸಾಲ ಕೊಟ್ಟ ಕಂಪನಿ ವೆರಿಫಿಕೇಶನ್ ಕರೆಯ ರೆಕಾರ್ಡಿಂಗ್ ಕಳಿಸಿತ್ತು. ಗೌರೀಶ ಪ್ಲೇ ಒತ್ತಿದರು.

'ಹೆಸರು ಹೇಳಿ.' 'ಹುಚ್ಚಯ್ಯ.' 'ಫೋನಿಗೆ ಬಂದಿರೋ ಓಟಿಪಿ ಹೇಳಿ.' ಆರು ಅಂಕಿಗಳು ಬಂದವು, ಎರಡೆರಡಾಗಿ, ಟಿಕೆಟ್ ಎಣಿಸಿ ಕೊಡುವವನ ಲಯದಲ್ಲಿ. 'ಸಾಲ ನಿಮಗೇ ಬೇಕಾ?' 'ಊಂ ಸಾ.' ಎಲೆ ಸರಿದ ಸದ್ದು. ಆಮೇಲೆ: 'ರೈಟ್... ರೈಟ್.'

ಎರಡನೆಯದು ಸ್ವಲ್ಪ ಎಳೆದಿತ್ತು.

"ಅವ್ವಾ," ತೇಜಶ್ರೀ ತಾಯಿಯ ರಟ್ಟೆ ಹಿಡಿದುಕೊಂಡಳು.

"ಈಗ ಮಿಶೀನೇ ಯಾರ ದನಿ ಬೇಕಾದ್ರೂ ಮಾಡುತ್ತೆ," ಅಂದರು ಗೌರೀಶ. "ಅಪ್ಪನ ವಿಡಿಯೋ ಏನಾದ್ರೂ ಸ್ಟೇಟಸ್ಸಿಗೆ ಹಾಕಿದ್ಯೇನಮ್ಮ?"

ಹಾಕಿದ್ದಳು. ಬಸ್ಸಿನ ಬಾಗಿಲಲ್ಲಿ ನಿಂತದ್ದು.

"ಅಷ್ಟೇ ನೋಡಿ. ಕಾಲ್ ಫಾರ್ವರ್ಡ್ ಮಾಡ್ಕೊಂಡು ಅಲ್ಲೆಲ್ಲೋ ಕೂತು ಮಾತಾಡಿದಾರೆ."

"ಅಲ್ಲೆಲ್ಲೋ ಮಾತಾಡುದ್ರೆ ನಮ್ ಮನೇಲಿ ಫೋನ್ ಯಾಕ್ ಒಡ್ಕಂತು ಸಾ?"

ಗೌರೀಶ ಫೈಲಿನ ಹಾಳೆ ತಿರುವಿದರು. "ದನಿ ವಿಚಾರ ಬಿಡಿ. ಅವರು ತೀರಿಹೋಗಿದಾರೆ ಅಂತ ಬ್ಯಾಂಕಿಗೆ ಬರೆದು, ಅದರ ನಕಲು ನನಗೆ ಕೊಡಿ. ಸತ್ತೋರು ಸಾಲ ಮಾಡಲ್ಲ. ಅಲ್ಲಿಗೆ ಮನೆ ಉಳೀತು. ಮೂರು ವರ್ಷ ಯಾಕೆ ಕಳಿಸಲಿಲ್ಲ?"

ಪಾರ್ವತಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಕಳಿಸಿದರೆ ಮನೆ ಉಳಿಯುತ್ತದೆ. ಖಾತೆ ಮುಚ್ಚುತ್ತದೆ, ಹುಟ್ಟಿದ ದಿನದ ಮೆಸೇಜು ನಿಲ್ಲುತ್ತದೆ, ಹುಚ್ಚಯ್ಯ ಸ್ನಾನದಿಂದ ಈಚೆಗೆ ಬರುವುದೇ ಇಲ್ಲ.

೫ (ಮುಕ್ತಾಯಗಳು, ಬೇಕಾದ್ದು ಆರಿಸಿಕೊಳ್ಳಿ)

ಒಂದು: ಕಳ್ಳರು ಸಿಕ್ಕರು. ದನಿ ಮಿಶೀನಿನದು. (ಪತ್ರಿಕೆಗೆ ಸರಿಹೋಗುತ್ತದೆ.)

ಎರಡು: ಹುಚ್ಚಯ್ಯನೇ ಬಂದಿದ್ದ. ಉಂಡ. ಫೋನು ಹೊಡೆದುಕೊಂಡಿತು, ಎತ್ತಿದ. ಏನು ಕೇಳಿದರೂ 'ಊಂ' ಅನ್ನುವುದು ಅವನ ಸ್ವಭಾವ. (ಇದನ್ನು ಬರೆಯುವಾಗ ನನ್ನ ಬೆನ್ನ ಹಿಂದೆ ಎಲೆ ಸರಿದ ಹಾಗಾಯಿತು. ತಿರುಗಿ ನೋಡಲಿಲ್ಲ.)

ಮೂರು: ಪಾರ್ವತಮ್ಮನೇ ಹಿತ್ತಲಿನಿಂದ ಒಳಗೆ ಹೋಗಿ ಗಂಡನ ದನಿಯಲ್ಲಿ...

"ಏನವ್ವಾ," ಅಂದಳು ಪಾರ್ವತಮ್ಮ, ನನ್ನ ಹಾಳೆಯೊಳಗಿಂದ. "ನೆಟ್ಟುಗ್ ಬರೀರಿ. ನನ್ ಜಗಲಿ ಮೇಲ್ ಕೂರ್ಸಿದೋರು ನೀವೇ, ಹಿತ್ಲಿಗ್ ಅಟ್ಟೋರೂ ನೀವೇಯ?"

ಹೊಡೆದುಹಾಕಿದೆ, ತಾಯಿ.

"ನಾವಿಬ್ರೂ ಈಚ್ಗಿದ್ದೋ. ಬಾಗ್ಲಾಕಿತ್ತು. ನಾಕ್ ರಿಂಗು, ಐದ್ನೇದು ಅರ್ಧ ಅಂತ ಬರ್ದ್ರಿ. ಫೋನು ಬೋರಲಾಗಿತ್ತು ಅಂತಾನೂ ಬರ್ದ್ರಿ. ಒಳ್ಗಿದ್ದು ನೋಡ್ದೋರು ಯಾರು?"

ನಾನು ಪೆನ್ನು ಕೆಳಗಿಟ್ಟೆ.

"ಇದ್ದೋರು ನೀವೊಬ್ರೇ ಕಣವ್ವ. ಆ ಆರು ಅಂಕಿ ನಿಮ್ಗೂ ಗೊತ್ತು. ಎಲ್ಲೂ ಬರ್ದಿಲ್ಲ, ಅಷ್ಟೇಯ."

ಓದುವವರೇ, ಅವಳಿಗೆ ಉತ್ತರ ಕೊಡಲು ಮೂರು ದಿನ ಕೂತೆ. ಆ ಅಂಕಿಗಳು ನನಗೆ ಗೊತ್ತಿವೆ. ಹೇಗೆ ಗೊತ್ತಾದವು ಎಂಬುದು ಗೊತ್ತಿಲ್ಲ.

೫ (ಅದೇ ಸಂಖ್ಯೆ, ಮುಂದಿನದಕ್ಕೆ ಹೋಗಲು ಪಾರ್ವತಮ್ಮ ಬಿಡುತ್ತಿಲ್ಲ)

ಹೊಳೆನರಸೀಪುರದ ಅಂಚೆ ಕಚೇರಿ, ಸೋಮವಾರ. ಫೋಟೋದ ಹಿಂದಿನ ಲಕೋಟೆಯ ಮೂಲೆಯನ್ನು ಜಿರಲೆ ತಿಂದಿತ್ತು. ಪಾರ್ವತಮ್ಮ ಒಳಗಿನ ಕಾಗದವನ್ನು ಬಿಡಿಸಿ ನೋಡಿದಳು. ಮೂರು ವರ್ಷದ ಹಿಂದೆ ಒತ್ತಿ ಒತ್ತಿ ಬರೆದ ಅಕ್ಷರ: 'ನನ್ನ ಯಜಮಾನರಾದ ಹುಚ್ಚಯ್ಯನವರು ಮರಣ ಹೊಂದಿರುತ್ತಾರೆ.'

"ಅವ್ವ, ಕೊಡು, ಲೈನ್ ಬೆಳೀತಾ ಅದೆ," ಅಂದಳು ತೇಜಶ್ರೀ.

"ಪೆನ್ ಕೊಡು ಮಗಾ."

ಸಹಿಯ ಕೆಳಗೆ ಉಳಿದಿದ್ದ ಜಾಗದಲ್ಲಿ ಅವಳು ನಿಧಾನವಾಗಿ ಸೇರಿಸಿದಳು. ನಾನು ಹೇಳಿಕೊಟ್ಟದ್ದಲ್ಲ:

'ಮಾಲಯ ಅಮಾವಾಸ್ಯೆಯ ದಿವಸ ಫೋನ್ ಎತ್ತಿದವರು ಯಾರೆಂದು ನನಗೆ ತಿಳಿಯದು. ಅವರೇ ಆಗಿದ್ದರೂ, ಮರಣ ಹೊಂದಿರುವುದು ನಿಜ.'

ಹೊಸ ಲಕೋಟೆಗೆ ಹಾಕಿ, ಅಂಟು ಹಚ್ಚಿ, ಕಿಟಕಿಯೊಳಗೆ ನೀಡಿದಳು. ಗುಮಾಸ್ತ ತೂಕ ನೋಡಿ, ರಸೀದಿ ಕೊಟ್ಟು, ಲಕೋಟೆಯನ್ನು ಹಿಂದಿನ ಚೀಲಕ್ಕೆ ಎಸೆದ.

ಆಮೇಲೆ ಏನಾಯಿತೆಂದು ಕೇಳಬೇಡಿ. ಈ ಸಲ ನಾನೂ ಹೊರಗೆ ಬಂದು, ಬಾಗಿಲು ಎಳೆದುಕೊಂಡು, ಜಗಲಿಯ ಮೇಲೆ ಕೂತಿದ್ದೇನೆ. ಒಳಗೆ ಈಗ ಇರುವವರು ನೀವು.