ಎಡಗೈಯ ಲೋಟ

"ಗೋಡೆಗೆ ಹೊಡೆದ ಮೊಳೆ ಹಾಗೆ ನಿಂತ್ಕೊಂಡ್ರೆ ಯಾರು ಕರೀತಾರೆ? ಹೋಗಿ ಮಾತಾಡ್ಸು," ಎಂದು ಅತ್ತೆ ಸೊಸೆಯ ಮೊಣಕೈ ತಿವಿದರು.

ಸೊಸೆ ಕದಲಲಿಲ್ಲ. ವೈದ್ಯರ ಸಂಘದ ಸಂಜೆಯ ಕೂಟ ಅದು. ಸಭಾಂಗಣದ ತುಂಬ ಇಸ್ತ್ರಿ ಮುರಿಯದ ಕೋಟುಗಳು, ಒಬ್ಬರ ಹೆಗಲ ಮೇಲೊಬ್ಬರ ಕೈ, ನಗು. ಅವಳು ಫಿಸಿಯೋಥೆರಪಿ ಕ್ಲಿನಿಕ್ ತೆರೆದು ಅರ್ಧ ವರ್ಷವಾಗಿತ್ತು. ನೋವು ಇಳಿಸಬೇಕಾದ ಕೈಗಳು ನೊಣ ಹೊಡೆಯುತ್ತಿದ್ದವು. ವೈದ್ಯರು ಕಳಿಸದೆ ರೋಗಿಗಳು ಬರುವುದಿಲ್ಲ, ಪರಿಚಯವಿಲ್ಲದೆ ವೈದ್ಯರು ಕಳಿಸುವುದಿಲ್ಲ. ಹೀಗೇ ಆದರೆ ಬೀಗ ಜಡಿದು, ಬಿಟ್ಟು ಬಂದ ಆಸ್ಪತ್ರೆಯ ಬಾಗಿಲನ್ನೇ ಮತ್ತೆ ತಟ್ಟಬೇಕಿತ್ತು. ಅದಕ್ಕೇ ವಾರವಿಡೀ ಕನ್ನಡಿಯೆದುರು ನಿಂತು ಪರಿಚಯದ ನಾಲ್ಕು ಮಾತು ಬಾಯಿಪಾಠ ಮಾಡಿದ್ದಳು. ಈಗ ನೋಡಿದರೆ ನಾಲಿಗೆ ಅಂಗುಳಿಗೆ ಅಂಟಿಕೊಂಡಿತ್ತು.

ಅತ್ತೆಗೆ ಆ ಕಷ್ಟವಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರ ಮೂರು ತಲೆಮಾರಿನ ಸುದ್ದಿ ಇಳಿಯುವಷ್ಟರಲ್ಲಿ ಅವರ ಮಡಿಲಿಗೆ ಬಿದ್ದಿರುತ್ತಿತ್ತು. "ಮನೇಲಿ ಒಬ್ಳೇ ಕೂತು ಏನ್ ಮಾಡ್ಲಿ" ಎಂದು ಹಟ ಹಿಡಿದು ಜೊತೆಗೆ ಬಂದಿದ್ದರು.

ಸೊಸೆ ನೀರು ಕುಡಿದು ತಿರುಗುವಷ್ಟರಲ್ಲಿ ಅತ್ತೆ ಮೂಲೆಯ ಮೇಜಿನ ಬಳಿ ಒಬ್ಬ ನರೆಗೂದಲಿನವರನ್ನು ವಿಚಾರಣೆಗೆ ಹಿಡಿದಿದ್ದರು. ಯಾರೆಂದು ನೋಡಿದರೆ, ಊರಿನ ಹೆಸರಾಂತ ಮೂಳೆ ಡಾಕ್ಟರು.

"ಅಲ್ರೀ, ಆಗ್ಲಿಂದ ನೋಡ್ತಿದೀನಿ, ಲೋಟನ ಎಡಗೈಲೇ ಎತ್ತುತ್ತೀರಿ. ಬಲಗೈಗೆ ಏನಾಗಿದೆ?"

ಸೊಸೆ ಓಡಿದಳು. "ಅತ್ತೆ! ಅವರು ಯಾರು ಗೊತ್ತಾ?"

"ಗೊತ್ತಿದ್ರೆ ಯಾಕೆ ಮಾತಾಡಿಸ್ತಿದ್ದೆ?"

ಡಾಕ್ಟರು ಗಟ್ಟಿಯಾಗಿ ನಕ್ಕರು. "ಅವರನ್ನ ಬೈಬೇಡಿ. ಎಲ್ಲರ ಮೂಳೆ ನಾನು ನೋಡ್ತೀನಿ. ನನ್ನ ಭುಜ ಹೇಗಿದೆ ಅಂತ ಕೇಳಿದ ಮೊದಲನೆಯೋರು ಇವರು."

ಬಾಯಿಪಾಠವೆಲ್ಲ ಮರೆತೇಹೋಯಿತು. "ಕೈ ಬೆನ್ನ ಹಿಂದಕ್ಕೆ ಹೋಗುತ್ತಾ? ಯಾವ ಮಗ್ಗುಲಲ್ಲಿ ಮಲಗ್ತೀರಿ?" ಎಂದು ಸೊಸೆ ಕೇಳುತ್ತ ಹೋದಳು, ಕೇಳುತ್ತಲೇ ಅವರ ಭುಜವನ್ನು ಮೆಲ್ಲಗೆ ಒತ್ತಿ ನೋಡಿದಳು. ಅವರೂ ಮೊದಲ ಸಲ ರೋಗಿಯಾದವರ ಹಾಗೆ ಒಂದೊಂದೇ ಹೇಳಿಕೊಂಡರು: ಬಗ್ಗಿ ನಿಂತು ಶಸ್ತ್ರಚಿಕಿತ್ಸೆ ಮಾಡಿದ ವರ್ಷಗಳು, ಕೋಟು ತೊಡಲೂ ಹೆಂಡತಿ ಬರಬೇಕಾದ ಬೆಳಗುಗಳು. ಕೊನೆಗೆ "ನೀವು ಫಿಸಿಯೋಥೆರಪಿಯವರೇ ಇರ್ಬೇಕು. ನಿಮ್ಮ ಕ್ಲಿನಿಕ್ ಎಲ್ಲಿ?" ಎಂದರು. ಉತ್ತರಿಸಲು ಬಾಯಿ ತೆರೆದ ಅತ್ತೆ ಯಾಕೋ ಮುಚ್ಚಿಕೊಂಡರು. ವಿಳಾಸ ಸೊಸೆಯೇ ಹೇಳಿದಳು.

ಸೋಮವಾರ ಡಾಕ್ಟರು ಬಂದರು. ಭುಜ ಸಡಿಲವಾದಂತೆ ತಮ್ಮ ರೋಗಿಗಳನ್ನೂ ಕಳಿಸತೊಡಗಿದರು. ಆಮೇಲೆ ಅವರ ಗೆಳೆಯರೂ ಕಳಿಸಿದರು. ಯಾರಿಗೆ ಎಷ್ಟು ಗುಣವಾಯಿತೆಂದು ಅವಳು ಒಬ್ಬೊಬ್ಬ ವೈದ್ಯರಿಗೂ ಫೋನ್ ಮಾಡಿ ತಿಳಿಸುತ್ತಿದ್ದಳು. ನಾಲಿಗೆ ಈಗ ಅಂಟಿಕೊಳ್ಳುತ್ತಿರಲಿಲ್ಲ.

ಒಂದು ಬೆಳಿಗ್ಗೆ ಒಳಬಾಗಿಲು ತೆರೆದು "ಮುಂದಿನವರು ಬನ್ನಿ" ಎಂದಳು. ಯಾರೂ ಏಳಲಿಲ್ಲ. ಬೆಂಚಿನ ನಡುವೆ ಕೂತ ಅತ್ತೆ, ತಮ್ಮ ಮದುವೆಯ ದಿನ ಮದುಮಗನೇ ಕಾಣೆಯಾದ ಕಥೆ ಹೇಳುತ್ತಿದ್ದರು. ಊರುಗೋಲಿನವರು, ಸೊಂಟಕ್ಕೆ ಪಟ್ಟಿ ಬಿಗಿದವರು, ಎಲ್ಲರ ಕಿವಿಯೂ ನಿಮಿರಿತ್ತು. ಸೊಸೆ ಬಾಗಿಲಿಗೆ ಒರಗಿ, ಮಾವ ಸಿಗುವವರೆಗೂ ಕಾಯುತ್ತ ನಿಂತಳು.