ಕಿವಿ ಮಾತ್ರ ಸ್ಪಷ್ಟ

ಆರನೆಯ ಹಾಳೆಯಲ್ಲೂ ದೊಡ್ಡಮ್ಮನ ಕಿವಿಯೇ ಬಂದಿತ್ತು.

ಎಂಥ ಕಿವಿ ಅಂತೀರಿ. ಓಲೆಯ ತಿರುಪು, ತಿರುಪಿಗೆ ಸಿಕ್ಕಿಕೊಂಡ ಒಂದೇ ಒಂದು ನರೆಗೂದಲು, ಹಾಲೆಯ ಮೇಲಿನ ಸಣ್ಣ ಸುಕ್ಕು, ಎಲ್ಲವೂ ಸೂಜಿಮೊನೆಯಲ್ಲಿ ಕೊರೆದ ಹಾಗೆ. ಕಿವಿ ಬಿಟ್ಟು ಮುಂದಕ್ಕೆ ಬಂದರೆ ಬರೀ ಮಂಜು. ಕಣ್ಣುಗಳೆರಡೂ ನೀರಿಗೆ ಬಿದ್ದ ಶಾಯಿಯ ಹನಿಗಳಂತೆ ಹರಡಿಕೊಂಡು ಕೂತಿದ್ದವು. ಗುಬ್ಬಿ ಬಚ್ಚಲುಮನೆಯ ಕೆಂಪು ದೀಪ ಆರಿಸಿ, ಒದ್ದೆ ನೆಗೆಟಿವ್ ಹಿಡಿದುಕೊಂಡು ಹೊರಗೆ ಬಂದಳು. ತೊಟ್ಟಿಕ್ಕುವ ನೀರು ಕಾಲಿಗೆ ಬೀಳುತ್ತಿದ್ದರೂ ಒರೆಸಿಕೊಳ್ಳುವ ಮನಸ್ಸಾಗಲಿಲ್ಲ.

"ಬಂತಾ?" ಅಂದಳು ದೊಡ್ಡಮ್ಮ, ಕುರ್ಚಿಯಿಂದಲೇ. ಏಳುವಂತಿರಲಿಲ್ಲ, ಅವಳ ತಲೆಯನ್ನು ಹಳೆಯ ಶಾಲಿನಲ್ಲಿ ಕುರ್ಚಿಯ ಬೆನ್ನಿಗೆ ಬಿಗಿದಾಗಿತ್ತು. ಬಿಗಿದವಳು ಗುಬ್ಬಿಯೇ.

"ಬಂತು. ಕಿವಿ."

"ಮತ್ತೂ ಕಿವಿಯಾ? ಅಷ್ಟು ಚೆಂದ ಇದೆಯೇನೇ ನನ್ನ ಕಿವಿ?"

ಗುಬ್ಬಿ ನಗಲಿಲ್ಲ. ಗೋಡೆಯ ಗಡಿಯಾರದಲ್ಲಿ ಹನ್ನೊಂದು. ನಾಲ್ಕಕ್ಕೆ ಕಾರು ಬರುತ್ತದೆ, ಸಂಜೆ ದೊಡ್ಡಮ್ಮ ಆಸ್ಪತ್ರೆ ಸೇರುತ್ತಾಳೆ, ನಾಳೆ ಬೆಳಿಗ್ಗೆ ಆಪರೇಷನ್. ಎಡದವಡೆಯಲ್ಲಿ ನಿಂಬೆಹಣ್ಣಿನಷ್ಟು ಎದ್ದಿರುವ ಗಂಟನ್ನು ತೆಗೆಯುವಾಗ ಮೂಳೆಯನ್ನೂ ಒಂದಿಷ್ಟು ತೆಗೆಯಬೇಕು, ಆಮೇಲೆ ಮುಖ ಒಂದು ಕಡೆ ಎಳೆದ ಹಾಗಾಗುತ್ತದೆ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ದೊಡ್ಡಮ್ಮ ಅಳಲಿಲ್ಲ. ಮನೆಗೆ ಬಂದವಳೇ ತಂಗಿಯ ಮಗಳನ್ನು ಕರೆದು, "ನೋಡೇ ಗುಬ್ಬಿ, ಅರವತ್ತಮೂರು ವರ್ಷ ಹೊತ್ತುಕೊಂಡು ತಿರುಗಿದ ಮುಖ. ಕಳಿಸಿಕೊಡೋ ಮುಂಚೆ ಒಂದು ಫೋಟೋ ತೆಗಿ. ನಿಮ್ಮ ದೊಡ್ಡಪ್ಪನ ಪೆಟ್ಟಿಗೆಯಲ್ಲೇ ತೆಗಿ," ಅಂದಿದ್ದಳು.

ಫೋನಿನಲ್ಲಿ ತೆಗೆದರೆ ಆಗದೇ ಅಂತ ಗುಬ್ಬಿ ಕೇಳಿದರೆ, "ಅದರಲ್ಲಿ ಮೂಗು ಮೊದಲು ಬರುತ್ತೆ, ನಾನು ಆಮೇಲೆ ಬರ್ತೀನಿ," ಅಂತ ಕೈ ಕೊಡವಿದ್ದಳು. ಊರಿನ ಅರ್ಧ ಜನರ ಮುಖ ಆ ಪೆಟ್ಟಿಗೆಯೊಳಗೆ ಹೋಗಿ ಬಂದಿತ್ತು. ದೊಡ್ಡಪ್ಪ ಹೆಂಡತಿಯ ಮುಖವನ್ನು ಮಾತ್ರ ನಾಳೆ ತೆಗೆದರಾಯಿತು ಅಂತ ಮುಂದೂಡುತ್ತಾ ಮುಂದೂಡುತ್ತಾ ತಾನೇ ಹೊರಟುಹೋಗಿದ್ದ.

ಪೆಟ್ಟಿಗೆ ಅಂದರೆ ನಿಜವಾಗಿಯೂ ಪೆಟ್ಟಿಗೆಯೇ. ತೇಗದ ಮರದ್ದು, ಕೂಸಿನಷ್ಟು ಭಾರ, ಮುಂದೆ ಹಿತ್ತಾಳೆಯ ಕೊಳವೆಯಲ್ಲಿ ಲೆನ್ಸು. ಆ ಲೆನ್ಸು ಹಿಂದೆ ಮುಂದೆ ಜರುಗುವುದಿಲ್ಲ. ಅದಕ್ಕೆ ಗೊತ್ತಿರುವುದು ಒಂದೇ ದೂರ. ಆ ದೂರದಲ್ಲಿ ಕೂತರೆ ರೆಪ್ಪೆಗೂದಲು ಎಣಿಸಬಹುದು, ಒಂದು ಗೇಣು ತಪ್ಪಿದರೆ ಅಪ್ಪ ಯಾರು ಮಗ ಯಾರು ತಿಳಿಯುವುದಿಲ್ಲ. ಗುರುತಿನ ಚೀಟಿಗೆ ಮುಖ ತೆಗೆಯಲೆಂದೇ ಮಾಡಿಸಿದ್ದರಿಂದ ಅದಕ್ಕಿಂತ ಹೆಚ್ಚಿನದು ಬೇಕೂ ಇರಲಿಲ್ಲ. ಅಂಗಡಿಯಲ್ಲಿ ದೊಡ್ಡಪ್ಪ ಗಿರಾಕಿಯ ಕುರ್ಚಿಯನ್ನು ನೆಲಕ್ಕೆ ತಿರುಪು ಹಾಕಿ ಕೂರಿಸಿದ್ದ. ಲೆನ್ಸಿನ ಬುಡದಿಂದ ಒಂದು ದಾರ, ದಾರದ ತುದಿಗೆ ಗಂಟು. ಗಂಟು ಮೂಗಿಗೆ ತಾಕಿತೋ, ಲೆನ್ಸಿನ ಮುಚ್ಚಳ ತೆಗಿ, ಒಂದು ಎರಡು ಎಣಿಸು, ಮುಚ್ಚಳ ಹಾಕು. ಕೆಲಸ ಮುಗಿಯಿತು.

ಆದರೆ ಆ ಅಳತೆಯ ಫಿಲ್ಮು ಈಗ ಎಲ್ಲಿಯೂ ಸಿಗುವುದಿಲ್ಲ. ಅಚ್ಚಿನ ಅಂಗಡಿಯಲ್ಲಿ ಕೆಲಸ ಮಾಡುವ ಗುಬ್ಬಿ ಮೂರು ದಿನ ರಜೆ ಹಾಕಿ, ಈಗ ಸಿಗುವ ಅಂಗೈಯಗಲದ ಫಿಲ್ಮ್ ಹಾಳೆ ಹಿಡಿಯುವ ಹಾಗೆ ಪೆಟ್ಟಿಗೆಯ ಬೆನ್ನನ್ನೇ ಬದಲಾಯಿಸಲು ಕೂತಳು. ಹೊಸ ಬೆನ್ನನ್ನು ಮಾಡಿಕೊಟ್ಟವನು ಎದುರು ಮನೆಯ ಬಡಗಿ. ಬೆನ್ನು ಬದಲಾದ ಮೇಲೆ ಹಳೆಯ ದಾರ ಸುಳ್ಳಾಯಿತು. ಹಾಗಾಗಿ ಗುಬ್ಬಿ ಕಿಟಕಿಗೆ ಹಾಕುವ ಗಾಜಿನ ಒಂದು ತುಂಡನ್ನು ತಂದು, ಉಜ್ಜುಪುಡಿಯಲ್ಲಿ ಒಂದು ದಿನವಿಡೀ ಉಜ್ಜಿ, ಮಬ್ಬುಗಾಜು ಮಾಡಿದಳು. ಆ ಗಾಜನ್ನು ಬೆನ್ನಿಗೆ ಕೂರಿಸಿದರೆ ಎದುರಿಗೆ ಕೂತವರು ಅದರ ಮೇಲೆ ತಲೆಕೆಳಗಾಗಿ ಕಾಣುತ್ತಾರೆ. ದೊಡ್ಡಮ್ಮನ ಕಣ್ಣು ಅದರಲ್ಲಿ ಚೊಕ್ಕವಾಗಿ ಕಂಡ ಕಡೆ ದಾರಕ್ಕೆ ಹೊಸ ಗಂಟು ಹಾಕಿದಳು. ಆಮೇಲೆ ಗಾಜು ತೆಗೆದು ಅದೇ ಜಾಗಕ್ಕೆ ಫಿಲ್ಮಿನ ಹೋಲ್ಡರ್ ಸೇರಿಸಿ, ಬೆಳಕು ತಡೆಯುವ ಅದರ ಮುಚ್ಚುಪಟ್ಟಿ ಎಳೆಯುವುದು, ಅಷ್ಟೇ. ಚಿಕ್ಕಂದಿನಲ್ಲಿ ಅಜ್ಜಿ ಹೇಳುತ್ತಿದ್ದ ಕತೆಗಳಲ್ಲಿ ಇಂಥ ಪೆಟ್ಟಿಗೆಯಿಂದ ರಾಜಕುಮಾರಿ ಎದ್ದು ಬರುತ್ತಿದ್ದಳು. ಇದರಿಂದ ಎರಡು ದಿನದಲ್ಲಿ ಆರು ಕಿವಿ ಎದ್ದು ಬಂದಿದ್ದವು.

ಇದ್ದದ್ದು ಎಂಟು ಹಾಳೆ. ಉಳಿದದ್ದು ಎರಡು.

ಮೊದಲ ಐದು ಹಾಳೆಗಳ ತಪ್ಪನ್ನು ಗುಬ್ಬಿ ದೊಡ್ಡಮ್ಮನ ತಲೆಗೇ ಕಟ್ಟಿದ್ದಳು. "ಮುಚ್ಚಳ ತೆಗೆದ ತಕ್ಷಣ ನೀನು ಮುಂದಕ್ಕೆ ಬಾಗ್ತೀಯ. ಕಣ್ಣಿರಬೇಕಾದ ಜಾಗಕ್ಕೆ ಕಿವಿ ಬಂದು ಕೂರುತ್ತೆ."

"ನಾನ್ಯಾಕೆ ಬಾಗ್ಲಿ? ಅಲ್ಲೇನು ಪಾಯಸ ಇಟ್ಟಿದ್ದೀಯ?"

"ಮಾತಾಡ್ತೀಯಲ್ಲ, ಅದಕ್ಕೇ ಬಾಗೋದು."

"ಮಾತು ನಿಲ್ಲಿಸಿದ್ದರೆ ಆಗ ಉಸಿರಾಡ್ತೀಯ ಅಂತಿದ್ದೆ."

ಅದಕ್ಕೇ ಶಾಲು ಬಂದದ್ದು. ಈಗ ತಲೆ ಕಟ್ಟಿಯೂ ಕಿವಿಯೇ ಬಂದ ಮೇಲೆ ದೊಡ್ಡಮ್ಮನ ಮೇಲೆ ಹೊರಿಸಲು ಏನೂ ಉಳಿಯಲಿಲ್ಲ. ಗುಬ್ಬಿ ಶಾಲಿನ ಗಂಟು ಬಿಚ್ಚಿದಳು. ಹಣೆಯ ಮೇಲೆ ಕೆಂಪಗೆ ಗೆರೆ ಬಿದ್ದಿತ್ತು. ಅದನ್ನು ಕಂಡು ಒಳಗೊಳಗೇ ಚುರುಕ್ ಎಂದಿತು, ಆದರೆ ಬಾಯಿಗೆ ಬಂದ ಮಾತು ಬೇರೆ.

"ಬಡಗಿಯಣ್ಣನದೇ ತಪ್ಪು. ಬೆನ್ನು ಓರೆಯಾಗಿದೆ."

ಕೂಗಿ ಕರೆದಾಗ ಬಡಗಿ ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ಮೈಮೇಲೆ ಮರದ ಹೊಟ್ಟು ಹೊತ್ತುಕೊಂಡು ಬಂದ. ಬಂದವನು ಮೊದಲು ದೊಡ್ಡಮ್ಮನನ್ನು ನೋಡಿ, "ಏನಮ್ಮಾ, ಇನ್ನೂ ಬಿಡುಗಡೆ ಆಗಿಲ್ವಾ?" ಅಂದ.

"ನನಗೆ ಆಯ್ತಪ್ಪ. ಈಗ ನಿನ್ನ ಸರದಿ."

ಅವನು ಉಕ್ಕಿನ ಅಳತೆಪಟ್ಟಿ ತೆಗೆದು ಗಾಜು ಕೂರುವ ಆಳ ನೋಡಿದ, ಫಿಲ್ಮ್ ಕೂರುವ ಆಳ ನೋಡಿದ, ನಾಲ್ಕೂ ಮೂಲೆ ನೋಡಿದ. ಆಮೇಲೆ ಪಟ್ಟಿಯನ್ನು ಗುಬ್ಬಿಯ ಮೂಗಿನ ಕೆಳಗೇ ಹಿಡಿದ. "ನೀನೇ ಓದು ತಂಗಿ. ಇದಕ್ಕೂ ಅದಕ್ಕೂ ಒಂದೇ ಆಳ. ನನ್ನ ಕೆಲಸದಲ್ಲಿ ಕೂದಲೆಳೆ ಹೆಚ್ಚುಕಡಿಮೆ ಇದ್ದರೆ ಉಳಿ ಕೆಳಗಿಡ್ತೀನಿ."

"ಹಾಗಾದರೆ ಕಿವಿ ಯಾಕೆ ಬರುತ್ತೆ?"

"ಕಿವಿ ಯಾಕೆ ಬರುತ್ತೆ ಅಂತ ಬಡಗಿಯನ್ನ ಕೇಳಿದರೆ?" ಅನ್ನುತ್ತಾ ಅವನು ಗಾಜಿನ ಚೌಕಟ್ಟನ್ನು ಕೈಗೆತ್ತಿಕೊಂಡು, ಕೆಲಸದವರ ಅಭ್ಯಾಸದಂತೆ ಅದರ ಮೇಲೆ ಉಗುರಾಡಿಸಿದ. ಹೊರಮೈಯಲ್ಲಿ ಕರಕರ ಅಂದಿತು. ಒಳಮೈಯಲ್ಲಿ ಉಗುರು ಜಾರಿತು. "ಇದೇನು, ಒರಟು ಮೈ ನಿನ್ನ ಕಡೆ ಬರುವ ಹಾಗೆ ಹಾಕಿದ್ದೀಯ?"

"ಹೂಂ. ಮುಖ ನಡುವೆ ಬರಲಿ ಅಂತ ಪೆನ್ಸಿಲಲ್ಲಿ ಗೆರೆ ಎಳೆಯಬೇಕಿತ್ತು. ನುಣುಪಿನ ಮೇಲೆ ಪೆನ್ಸಿಲ್ ಹಿಡಿಯಲ್ಲ."

"ಚಿತ್ರ ಬೀಳೋದು ಯಾವ ಮೈ ಮೇಲೆ?"

ಗುಬ್ಬಿ ಚೌಕಟ್ಟನ್ನು ಅವನ ಕೈಯಿಂದ ಕಿತ್ತುಕೊಂಡಳು. ಚಿತ್ರ ಬೀಳುವುದು ಒರಟು ಮೈಯ ಮೇಲೆ. ಫಿಲ್ಮು ಕೂರುವುದು ಒಳಮೈ ಇರುವ ಕಡೆ. ನಡುವೆ ಕಿಟಕಿ ಗಾಜಿನ ದಪ್ಪ, ಮೂರು ಮಿಲಿಮೀಟರ್. ಅಷ್ಟು ಸಾಕು. ಪೆಟ್ಟಿಗೆಯ ಒಳಗಿನ ಆ ಮೂರು ಮಿಲಿಮೀಟರೇ ಹೊರಗೆ ದೊಡ್ಡಮ್ಮನ ಕಣ್ಣಿನಿಂದ ಕಿವಿಯವರೆಗೆ ಬೆಳೆದು ನಿಂತಿತ್ತು. ಗಾಜು ಒಂದು ದೂರ ಹೇಳುತ್ತಿತ್ತು, ಫಿಲ್ಮು ಇನ್ನೊಂದನ್ನು ನೋಡುತ್ತಿತ್ತು, ಅವಳು ಎರಡು ದಿನ ಗಾಜಿನ ಮಾತನ್ನು ನಂಬಿಕೊಂಡು ಒಬ್ಬ ಹೆಂಗಸಿನ ತಲೆ ಕಟ್ಟಿಹಾಕಿದ್ದಳು.

ಬಡಗಿ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಪಟ್ಟಿಯನ್ನು ಜೇಬಿಗೆ ಹಾಕಿಕೊಂಡು, "ಗಾಜು ಮಗುಚಿ ಹಾಕು, ಅಷ್ಟೇ. ನಿಧಾನಕ್ಕೆ ಬಿಡಿಸು, ಅಂಟು ಗಟ್ಟಿಯಾಗಿದೆ," ಅಂತ ಹೇಳಿ ಹೋದ.

ನಿಧಾನ ಎಂಬ ಮಾತು ಕೇಳುವ ಸ್ಥಿತಿಯಲ್ಲಿ ಗುಬ್ಬಿ ಇರಲಿಲ್ಲ. ಚಾಕುವಿನ ತುದಿಯನ್ನು ಅಂಟಿನೊಳಗೆ ತೂರಿಸಿ ಮೀಟಿದಳು. ಟಿಕ್ ಅಂತ ಸಣ್ಣ ಸದ್ದು. ಗಾಜು ಮೂಲೆಯಿಂದ ಮೂಲೆಗೆ ಸೀಳಿ, ಒಂದು ತುಂಡು ಜಾರಿ ನೆಲಕ್ಕೆ ಬಿದ್ದು ಮೂರಾಯಿತು. ಅವಳು ಚೌಕಟ್ಟನ್ನು ಮೇಜಿನ ಮೇಲೆ ಎಸೆದಳು. ಅದು ಸುಮ್ಮನೆ ಬಿದ್ದಿದ್ದರೆ ಒಂದು ಮಾತು, ಅಲ್ಲಿದ್ದ ಹೋಲ್ಡರ್ ಅನ್ನು ದಬ್ಬಿಕೊಂಡು ಅಂಚಿನವರೆಗೂ ಹೋಯಿತು. ಬೀಳುವುದನ್ನು ತಡೆಯಲು ಅವಳು ಗಬಕ್ಕನೆ ಹಿಡಿದದ್ದು ಹೋಲ್ಡರಿನ ಮುಚ್ಚುಪಟ್ಟಿಯನ್ನು. ಪಟ್ಟಿ ಕೈಗೆ ಬಂತು. ಏಳನೆಯ ಹಾಳೆ ಹಾಡಹಗಲಿನ ಬೆಳಕಿಗೆ ಮೈತೆರೆದು ಮಲಗಿತು.

ಹೋಲ್ಡರಿನ ಇನ್ನೊಂದು ಮಗ್ಗುಲಲ್ಲಿ ಎಂಟನೆಯದು, ಪುಣ್ಯಕ್ಕೆ, ಮುಚ್ಚಿಯೇ ಇತ್ತು.

ಗುಬ್ಬಿ ಗಾಜಿನ ಚೂರುಗಳ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಳು. ಅಳು ಬಂದಿದ್ದರೆ ಹಗುರಾಗುತ್ತಿತ್ತೋ ಏನೋ, ಬರಲಿಲ್ಲ. ಹೊಸ ಗಾಜು ತಂದು ಉಜ್ಜಲು ಒಂದು ದಿನ ಬೇಕು. ಆಗಲೇ ಹನ್ನೆರಡೂವರೆ, ಕಾರು ಬರಲು ಇರುವುದು ಮೂರೂವರೆ ಗಂಟೆ.

"ಇನ್ನು ಆಗಲ್ಲ ದೊಡ್ಡಮ್ಮ. ನೋಡೋಕೆ ಗಾಜೇ ಇಲ್ಲ. ಫೋನಲ್ಲೇ ತೆಗೆದುಬಿಡ್ತೀನಿ, ಬಿಡು."

ದೊಡ್ಡಮ್ಮ ಪೊರಕೆ ತಂದು ಚೂರುಗಳನ್ನು ಮೊರಕ್ಕೆ ಎಳೆದುಕೊಳ್ಳುತ್ತಿದ್ದಳು. ತಲೆ ಎತ್ತಲಿಲ್ಲ. "ಆರು ಸಲ ಗಾಜಲ್ಲಿ ನೋಡಿದೆಯಲ್ಲ. ಏನು ಕಂಡೆ?"

"ಗಾಯದ ಮೇಲೆ ಉಪ್ಪು ಹಾಕಬೇಡ."

"ಉಪ್ಪಲ್ಲ ಕಣೆ, ಲೆಕ್ಕ ಕೇಳ್ತಿದ್ದೀನಿ. ಆರು ಸಲಾನೂ ಕಿವಿ ಸರಿಯಾಗಿ ಬಂತು ತಾನೆ? ಒಂದು ಸಲಾನೂ ತಪ್ಪಲಿಲ್ಲ?"

"ಇಲ್ಲ."

"ಮತ್ತೆ ಪೆಟ್ಟಿಗೆಗೆ ಎಲ್ಲಿ ಕಾಣುತ್ತೆ ಅಂತ ಪೆಟ್ಟಿಗೇನೇ ಆರು ಸಲ ಹೇಳಿದೆ. ಕಿವಿ ಇದ್ದ ಜಾಗಕ್ಕೆ ಕಣ್ಣು ತಗೊಂಡು ಹೋಗೋಣ. ನಾನು ಒಂಚೂರು ಹಿಂದೆ ಕೂತರೆ ಆಯ್ತಲ್ಲ?"

ಗುಬ್ಬಿಗೆ ಮೊದಲು ಬಂದದ್ದು ಸಿಟ್ಟು. ಎರಡು ದಿನದಲ್ಲಿ ತನಗೆ ಹೊಳೆಯದ್ದು ಪೊರಕೆ ಹಿಡಿದವಳಿಗೆ ಹೊಳೆದ ಸಿಟ್ಟು. ಅದರ ಹಿಂದೆಯೇ, ಇದನ್ನು ಎರಡನೆಯ ಹಾಳೆಗೇ ಮಾಡಬಹುದಿತ್ತಲ್ಲ ಅನ್ನುವ ಇನ್ನೊಂದು ಸಿಟ್ಟು. ಅವಳು ತಪ್ಪು ಯಾರದ್ದು ಅಂತ ಹುಡುಕುತ್ತಿದ್ದಳೇ ಹೊರತು ಮುಖ ಎಲ್ಲಿದೆ ಅಂತ ಹುಡುಕಿರಲೇ ಇಲ್ಲ.

ದೊಡ್ಡಮ್ಮ ಕಣ್ಣಿನ ಕೊನೆಗೆ ಕಿರುಬೆರಳಿಟ್ಟು, ಕಿವಿಯ ಕಡೆಗೆ ಬೆರಳು ಜೋಡಿಸುತ್ತಾ ಹೋದಳು. "ಐದು. ನನ್ನ ಬೆರಳಲ್ಲಿ ಐದು."

ದಾರದ ಗಂಟು ಬಿಚ್ಚಿ ಐದು ಬೆರಳು ಉದ್ದ ಬಿಟ್ಟು ಹೊಸದಾಗಿ ಹಾಕಿದರು. ಕುರ್ಚಿ ಹಿಂದೆ ಸರಿಯಿತು. ದೊಡ್ಡಮ್ಮ ಕೂತಳು. ಗಂಟು ಮೂಗಿಗೆ ತಾಕಿತು.

"ಆ ಕಡೆ ಪರದೇನೂ ತೆಗಿ," ಅಂದಳು. ದವಡೆಯ ಗಂಟಿನ ಕಡೆಯ ಕೆನ್ನೆ ನೆರಳಲ್ಲಿರಲಿ ಅಂತ ಗುಬ್ಬಿಯೇ ಆ ಪರದೆ ಎಳೆದಿದ್ದಳು.

"ಅದು ಎದ್ದು ಕಾಣುತ್ತೆ."

"ಕಾಣಲಿ. ನಾಳೆ ಅದೂ ಹೋಗುತ್ತೆ. ಅದಕ್ಕೂ ಒಂದು ಫೋಟೋ ಬೇಡವಾ?"

ಗುಬ್ಬಿ ಪರದೆ ಸರಿಸಿದಳು. ಹೋಲ್ಡರ್ ಸೇರಿಸಿದಳು. ಮುಚ್ಚುಪಟ್ಟಿ ಎಳೆಯುವ ಮೊದಲು ಲೆನ್ಸಿನ ಮುಚ್ಚಳವನ್ನು ಎರಡೆರಡು ಸಲ ಮುಟ್ಟಿ ನೋಡಿದಳು. "ಸ್ವಲ್ಪ ನಗು."

"ಎರಡು ದಿನದಿಂದ ಕೂತು ಸೊಂಟ ಹಿಡಿದಿದೆ. ತೆಗೆಯೋದಾದರೆ ತೆಗಿ, ಇಲ್ಲದಿದ್ದರೆ ನಾನು ಎದ್ದುಹೋಗಿ ಬಟ್ಟೆ ಮಡಚಿಕೊಳ್ತೀನಿ."

ಗುಬ್ಬಿ ಮುಚ್ಚಳ ತೆಗೆದಳು. ಒಂದು, ಎರಡು. ಮುಚ್ಚಳ ಹಾಕಿದಳು.

ಬಚ್ಚಲುಮನೆಯ ಕೆಂಪು ಬೆಳಕಿನಲ್ಲಿ ಟ್ರೇ ಅಲುಗಿಸುತ್ತಾ ಅವಳು ದೇವರನ್ನೂ ನೆನೆಯಲಿಲ್ಲ, ಯಾರನ್ನೂ ಬೈಯಲೂ ಇಲ್ಲ. ಹಾಳೆ ತೊಳೆದು, ಕೂದಲು ಒಣಗಿಸುವ ಯಂತ್ರದ ಗಾಳಿ ಹಿಡಿದು ಒಣಗಿಸಿ, ಕಾಗದದ ಮೇಲಿಟ್ಟು ಅಚ್ಚು ತೆಗೆದಾಗ ಮೂರೂಮುಕ್ಕಾಲು. ಹೊರಗೆ ಕಾರು ಆಗಲೇ ಹಾರ್ನ್ ಹೊಡೆಯುತ್ತಿತ್ತು. ಒದ್ದೆ ಕಾಗದವನ್ನು ಟ್ರೇ ಸಮೇತ ಹೊತ್ತು ತಂದಳು.

ದೊಡ್ಡಮ್ಮ ಚಪ್ಪಲಿ ಮೆಟ್ಟಿ, ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಿದ್ದಳು. ಟ್ರೇಯೊಳಗೆ ಬಗ್ಗಿದಳು.

ನೀರಿನಡಿಯಿಂದ ಎರಡು ಕಣ್ಣು ನೆಟ್ಟಗೆ ನೋಡುತ್ತಿದ್ದವು. ರೆಪ್ಪೆ, ರೆಪ್ಪೆಯ ನೆರಳು, ಹಣೆಯ ಮೇಲೆ ಶಾಲಿನ ಗೆರೆ, ದವಡೆಯ ಗಂಟಿನ ಮೇಲೆ ಮಿರುಗುವ ಬಿಗಿದ ಚರ್ಮ, ಎಲ್ಲವೂ ಇದ್ದವು. ಹುಬ್ಬು ಗಂಟಿಕ್ಕಿತ್ತು. ತುಟಿ ಬಾಗಿಲು ಹಾಕಿಕೊಂಡಂತೆ ಬಿಗಿದಿತ್ತು.

"ನಗಿಸಿ ಇನ್ನೊಂದು ತೆಗೆಯೋಣ ಅಂದರೆ ಹಾಳೆಯೇ ಇಲ್ಲ," ಅಂದಳು ಗುಬ್ಬಿ. ಗೆದ್ದೆ ಅಂತ ಅನ್ನಿಸಬೇಕಿತ್ತು, ಅನ್ನಿಸುತ್ತಿರಲಿಲ್ಲ. "ಸಿಟ್ಟಿನ ಮುಖ ಬಂದುಬಿಟ್ಟಿತು."

ಮತ್ತೊಮ್ಮೆ ಹಾರ್ನ್ ಆಯಿತು. ದೊಡ್ಡಮ್ಮ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

"ಇದಾ ನನ್ನ ಸಿಟ್ಟು?" ಅಂದಳು ಕೊನೆಗೆ. "ಎಷ್ಟು ಜನಕ್ಕೆ ತೋರಿಸಿದ್ದೀನಿ ಇದನ್ನ. ನಾನೇ ನೋಡಿರಲಿಲ್ಲ ನೋಡು."

ಟ್ರೇಗೆ ಕೈ ಹಾಕಿ ಫೋಟೋದ ಮೂಲೆ ಹಿಡಿದೆತ್ತಿದಳು. ನೀರು ಚೀಲದ ಮೇಲೆಲ್ಲ ಸುರಿಯಿತು.

"ಒಣಗಲಿ ದೊಡ್ಡಮ್ಮ. ಹಾಳಾಗುತ್ತೆ. ನಾಳೆ ತರ್ತೀನಿ."

"ನಾಳೆ ತಂದು ಏನು ಮಾಡಲಿ? ಇವತ್ತು ಡಾಕ್ಟರಿಗೆ ತೋರಿಸಬೇಕು. ಹೊಲಿಯುವಾಗ ಇಷ್ಟು ಸಿಟ್ಟಾದರೂ ಮಾಡಿಕೊಳ್ಳೋ ಹಾಗೆ ಉಳಿಸಪ್ಪಾ ಅಂತ ಹೇಳ್ತೀನಿ."

ಕಾರಿನಲ್ಲಿ ಅದನ್ನು ಕಿಟಕಿಯಾಚೆಗೆ ಗಾಳಿಗೆ ಹಿಡಿದಳು. ಎಲ್ಲಿ ಹಾರಿಹೋಗುತ್ತದೋ ಅಂತ ಗುಬ್ಬಿ ದಾರಿಯುದ್ದಕ್ಕೂ ಬೈಯುತ್ತಾ, ಇನ್ನೊಂದು ಮೂಲೆಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡೇ ಕೂತಿದ್ದಳು.