ಚೋಟಮ್ಮನ ಹಾಜರಿ

"ಏಯ್, ಕೈ ತೊಳ್ಕೊಂಡು ಮುಟ್ಟೇ ನಾಯೀನ. ಎಲ್ಲೆಲ್ಲಿ ಏನೇನು ಬಾಚ್ಕೊಂಡು ಬಂದಿರ್ತೀಯೋ ಏನೋ. ಅದಕ್ಕೇನಾದ್ರೂ ಅಂಟ್ಕೊಂಡ್ರೆ ಯಾರು ನೋಡ್ತಾರೆ?"

ಅಮ್ಮಾವ್ರು ಮಹಡಿಯ ಕಿಟಕಿಯಿಂದಲೇ ಅಂದರು. ನಾಯಿ ಆಗಷ್ಟೇ ಹೂವಿನ ಪಾತಿಯಲ್ಲಿ ಸತ್ತ ಇಲಿಯೊಂದನ್ನು ಹುಡುಕಿ, ಅದರ ಮೇಲೆ ಸಾವಕಾಶವಾಗಿ ಹೊರಳಾಡಿ ಬಂದಿತ್ತು. ಆದರೂ ಕೈ ತೊಳೆಯಬೇಕಾದವಳು ಚೋಟಮ್ಮನೇ. ಅವಳು ತೊಳೆದುಕೊಂಡು ಬಂದು ನಾಯಿಯ ಬೆನ್ನಿಗೆ ಸೋಪು ಹಚ್ಚಿದಳು.

"ಆ ಸೋಪು ಅದಕ್ಕೇ ಅಂತ ತರ್ಸಿರೋದು. ನೀನು ಹಚ್ಕೊಂಡು ಗಿಚ್ಕೊಂಡೀಯ."

"ಇಲ್ಲ ತಾಯಿ, ನಮ್ಮ ಮೈಗೆ ಅದು ಒಗ್ಗಲ್ಲ" ಎಂದು ಚೋಟಮ್ಮ ತಲೆ ಎತ್ತದೆ ಹೇಳಿದಳು. ಅಮ್ಮಾವ್ರಿಗೆ ಈ ಮಾತು ವಿನಯವೋ ಕೊಂಕೋ ಗೊತ್ತಾಗಲಿಲ್ಲ. ಕಿಟಕಿ ಮುಚ್ಚಿಕೊಂಡಿತು.

ಚೋಟಮ್ಮ ಎಂಬುದು ಬೀದಿಯವರು ಇಟ್ಟ ಹೆಸರು. ಆಳು ಚೋಟುದ್ದ, ಕಸಪೊರಕೆಯನ್ನು ಪಕ್ಕಕ್ಕೆ ನಿಲ್ಲಿಸಿದರೆ ಅವಳಿಗಿಂತ ಅದೇ ಎತ್ತರ. ಪುರಸಭೆಯ ಲೆಕ್ಕದ ಪ್ರಕಾರ ಅವಳು ಹಿಂದಿನ ಬೀದಿಯ ಕಸ ಗುಡಿಸುವವಳು. ಸಂಬಳ ಬರುವುದು ಊರಿನವರು ಕಟ್ಟುವ ಕಂದಾಯದಿಂದ. ಬೇಸಿಗೆಯಲ್ಲಿ ಒಂದು ದಿನ ಕಸದವರ ಹಾಜರಿ ಹಾಕುವ ಮೇಸ್ತ್ರಿ ಬಂದು, "ಮುಖ್ಯಾಧಿಕಾರಿ ಸಾಹೇಬ್ರ ಮನೇಲಿ ಎರಡು ದಿನ ಸ್ವಲ್ಪ ಕೈಜೋಡ್ಸಿ ಬಾ" ಎಂದಿದ್ದ. ಬೇಸಿಗೆ ಹೋಯಿತು, ಮಳೆ ಬಂದು ನಿಂತಿತು, ಚಳಿ ಶುರುವಾಯಿತು. ಆ ಎರಡು ದಿನ ಮಾತ್ರ ಇನ್ನೂ ಮುಗಿದಿರಲಿಲ್ಲ. ನೆಲ ಒರೆಸು, ಪಾತ್ರೆ ಉಜ್ಜು, ಕಾರು ತೊಳೆ, ನಾಯಿ ತೊಳೆ. ಮೇಸ್ತ್ರಿ ಬೆಳಿಗ್ಗೆ ಬೆಳಿಗ್ಗೆ ಸಾಹೇಬರ ಗೇಟಿನ ಹತ್ತಿರವೇ ಬಂದು, ಅವಳ ಮುಖ ನೋಡಿ, ಹಿಂದಿನ ಬೀದಿಗೆ ಹಾಜರಿ ಹಾಕಿಕೊಂಡು ಹೋಗುತ್ತಿದ್ದ. ಪಾಪ, ಅವನದೇನೂ ಅಕ್ರಮವಿಲ್ಲ. ಹೆಂಗಸು ಹಾಜರಿದ್ದದ್ದಂತೂ ನಿಜ.

ಹಿಂದಿನ ಬೀದಿಯಲ್ಲೇ ಚೋಟಮ್ಮನ ಮನೆ. ಗಂಡ ತೀರಿಕೊಂಡ ಮೇಲೆ ಅತ್ತೆ ಸೊಸೆ ಇಬ್ಬರೇ. ಸಂಜೆ ಅವಳು ಬೀದಿಗೆ ಕಾಲಿಟ್ಟರೆ ಮೊದಲು ಮೂಗಿಗೆ ಹೊಡೆಯುತ್ತಿದ್ದದ್ದು ತಿರುವಿನ ಕಸದ ಗುಡ್ಡೆ, ಆಮೇಲೆ ಕಿವಿಗೆ ಬೀಳುತ್ತಿದ್ದದ್ದು ಇಸ್ತ್ರಿ ಅಂಗಡಿಯವನ ಕುಶಾಲು.

"ಏನಕ್ಕಾ, ಸಾಹೇಬ್ರ ನಾಯಿ ಆರಾಮಾ? ನಮ್ಮ ಬೀದಿ ನಾಯಿಗಳೂ ಕೇಳ್ತಾ ಇದ್ವು, ನಮ್ಮ ಸರದಿ ಯಾವಾಗ ಅಂತ."

"ನಿನ್ನ ಸರದಿ ಮೊದಲು ಬರ್ಲಿ, ನಿಂಗೇ ಸೋಪು ಹಾಕ್ತೀನಿ" ಅನ್ನುತ್ತಿದ್ದಳು ಚೋಟಮ್ಮ. ಎಲ್ಲರೂ ನಗುತ್ತಿದ್ದರು. ಮನೆಯೊಳಗೆ ಬಂದ ಮೇಲೆ ಅವಳಿಗೆ ನಗು ಬರುತ್ತಿರಲಿಲ್ಲ. ತನ್ನ ಬೀದಿ ತನ್ನ ಹೆಸರಿನಲ್ಲೇ ಕೊಳೆಯುತ್ತಿದೆಯಲ್ಲ ಎಂದು ನಾಚಿಕೆಯಾಗುತ್ತಿತ್ತು.

ಹೀಗಿರುವಾಗ ಅತ್ತೆ ನೀರಿನ ಕೊಡ ಹಿಡಿದು ಬರುತ್ತಾ ಆ ಗುಡ್ಡೆಯ ಪಕ್ಕದ ಲೋಳೆಯಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಅದೇ ಬೀದಿಯನ್ನು ಕೂದಲು ಹಣ್ಣಾಗುವ ತನಕ ಗುಡಿಸಿದ ಹೆಂಗಸು. "ನನ್ನ ಬೀದಿಯೇ ನನ್ನ ಬೀಳ್ಸಿಬಿಡ್ತಲ್ಲೇ" ಎಂದು ಬ್ಯಾಂಡೇಜಿನ ಕೈ ಎದೆಗೆ ಇಟ್ಟುಕೊಂಡು ಗೋಡೆ ಕಡೆ ತಿರುಗಿ ಮಲಗಿದಳು. ಮಾತುಮಾತಿಗೂ ತಮಾಷೆ ಮಾಡುವವಳು ಅವತ್ತು ಮಾಡಲಿಲ್ಲ.

ಮರುದಿನ ಹಾಜರಿ ಹಾಕಲು ಬಂದ ಮೇಸ್ತ್ರಿಯನ್ನು ಚೋಟಮ್ಮ ಹಿಡಿದು ನಿಲ್ಲಿಸಿದಳು.

"ಅಣ್ಣಾ, ನನ್ನನ್ನ ನನ್ನ ಬೀದೀಗೆ ಬಿಟ್ಬಿಡು. ದಮ್ಮಯ್ಯ ಅಂತೀನಿ."

"ನಿಂಗೇನು ತಲೆ ಕೆಟ್ಟಿದ್ಯೇನೇ? ಖಾಯಂ ಮಾಡೋ ಪಟ್ಟಿ ಸಾಹೇಬ್ರ ಕೈಲಿದೆ. ಅವರ ಒಂದು ಸಹಿ ಬಿದ್ರೆ ನೀನು ಬದುಕ್ಕೊಂಡೆ. ಈಗ ಬಾಲ ಬಿಚ್ಚಿದ್ರೆ ದಿನಗೂಲಿನೂ ಇರಲ್ಲ. ಮುಚ್ಕೊಂಡು ನಾಯಿ ತೊಳಿ."

ಅವಳು ಹೋಗಿ ಮತ್ತೆ ನಾಯಿಯ ಸೋಪು ಕೈಗೆತ್ತಿಕೊಂಡಳು. ಖಾಯಂ ಆದರೆ ಅತ್ತೆಯ ಕೈಯನ್ನು ಒಳ್ಳೆ ಆಸ್ಪತ್ರೆಗೆ ತೋರಿಸಬಹುದು, ನಾಳೆ ಕೆಲಸ ಇದೆಯೋ ಇಲ್ಲವೋ ಎಂಬ ಹೆದರಿಕೆ ಇಲ್ಲದೆ ಮಲಗಬಹುದು. ಆ ಸಹಿಗಾಗಿ ಅವಳು ನಾಯಿಯನ್ನಲ್ಲ, ಸಾಹೇಬರ ಕಾಲನ್ನು ತೊಳೆ ಎಂದರೂ ತೊಳೆಯುತ್ತಿದ್ದಳೋ ಏನೋ.

ಆದರೆ ಬೀದಿಯವರಿಗೆ ಯಾವ ಸಹಿಯೂ ಬೇಕಿರಲಿಲ್ಲ. ಅದೇ ವಾರ ಅವರೆಲ್ಲ ಸೇರಿ, ಬ್ಯಾಂಡೇಜಿನ ಅತ್ತೆಯನ್ನು ಮುಂದಿಟ್ಟುಕೊಂಡು ಪುರಸಭೆಗೆ ಹೋದರು. ಅಲ್ಲಿ ನಡೆದದ್ದನ್ನು ಅತ್ತೆ ಸಂಜೆ ಸೊಸೆಗೆ ಅಭಿನಯ ಸಮೇತ ಒಪ್ಪಿಸಿದಳು.

"ನಿನ್ನ ಸಾಹೇಬ ಕುರ್ಚೀಲಿ ಹಿಂಗೆ ಒರಗಿದ್ದ ಕಣೇ, ನಮ್ಮನ್ನ ನಿಲ್ಸಿ. 'ನಿಮ್ಮ ಬೀದೀಗೆ ಆಳಿದೆ, ದಿನಾ ಬರ್ತಾಳೆ, ಹಾಜರಿ ಇದೆ. ಶಿಸ್ತಿಲ್ಲದಿರೋದು ನಿಮಗೆ. ಹಂದಿಗಳ ಥರ ಕಂಡಕಂಡಲ್ಲಿ ಸುರೀತೀರ. ಹಸಿ ಕಸ ಬೇರೆ, ಒಣ ಕಸ ಬೇರೆ ಮಾಡಿ ಅವಳ ಕೈಗೇ ಕೊಡ್ಬೇಕು. ಇನ್ಮೇಲೆ ಬೀದೀಲಿ ಕಸ ಕಂಡ್ರೆ ದಂಡ ಹಾಕ್ತೀನಿ' ಅಂದ."

"ಯಾರ ಕೈಗೆ?"

"ನಿನ್ನ ಕೈಗೆ. ಸಾಹೇಬ್ರ ಅಪ್ಪಣೆ ಆಗಿದೆ" ಎಂದಳು ಅತ್ತೆ, ತುಟಿಯಲ್ಲಿ ನಗು ಒತ್ತಿ ಹಿಡಿದು.

ಅತ್ತೆಯ ನಗುವಿನ ಅರ್ಥ ಚೋಟಮ್ಮನಿಗೆ ಹೊಳೆಯಿತು. "ಬೇಡ ಅತ್ತೆ. ಪಟ್ಟಿ ಅವರ ಕೈಲಿದೆ. ನನ್ನ ಹೊಟ್ಟೆ ಮೇಲೆ ಹೊಡೀಬೇಡಿ."

"ಖಾಯಂ ಮಾಡ್ತೀವಿ ಅಂತ ನಂಗೂ ಹೇಳ್ತಾನೇ ಬಂದ್ರು. ಕೂದಲು ಒಂದೇ ನೋಡು ಖಾಯಂ ಆಗಿ ಬೆಳ್ಳಗಾಗಿದ್ದು." ಅತ್ತೆ ಸೊಸೆಯ ಕೆನ್ನೆ ಸವರಿದಳು. "ನಾವೇನು ಜಗಳಕ್ಕೆ ಹೋಗ್ತೀವಾ? ದೊಡ್ಡೋರು ಹೇಳಿದ ಮಾತು ನಡ್ಸಿ ಕೊಡ್ತೀವಿ. ನೀನು ಸುಮ್ನೆ ನಿಂತಿರು."

ಬೆಳಿಗ್ಗೆ ಚೋಟಮ್ಮ ನಾಯಿಯ ಬೆನ್ನುಜ್ಜುತ್ತಿದ್ದಾಗ ಗೇಟಿನ ಆಚೆ ಸಾಲು ನಿಂತಿತ್ತು. ಮುಂದೆ ಅತ್ತೆ, ನೆಟ್ಟಗಿದ್ದ ಕೈಯಲ್ಲಿ ಬಕೆಟ್ಟು. ಅವಳ ಹಿಂದೆ ಇಸ್ತ್ರಿಯವನು, ತನ್ನ ಅಂಗಿಗೇ ಮಡಿಕೆ ಬೀಳದ ಹಾಗೆ ಇಸ್ತ್ರಿ ಮಾಡಿಕೊಂಡಿದ್ದ. ಅವನ ಹಿಂದೆ ಹಿಂದಿನ ಬೀದಿಯ ಬಹುಪಾಲು ಜನ, ಮದುವೆಗೆ ಹೊರಟವರ ಹಾಗೆ ತಲೆ ಬಾಚಿಕೊಂಡು, ಒಂದು ಕೈಯಲ್ಲಿ ಹಸಿ, ಇನ್ನೊಂದು ಕೈಯಲ್ಲಿ ಒಣ. ಗಲಾಟೆಯಿಲ್ಲ, ಘೋಷಣೆಯಿಲ್ಲ. ಎದುರು ಮನೆಯ ಬಾಲ್ಕನಿಗಳಲ್ಲಿ ಕಾಫಿ ಲೋಟಗಳು ಹೊರಬಂದವು.

"ಥೂ, ಏನಿದು ಗಬ್ಬು? ಯಾರ್ರೀ ನೀವೆಲ್ಲ?" ಎಂದು ಅಮ್ಮಾವ್ರು ಮೂಗು ಹಿಡಿದುಕೊಂಡು ಬಂದರು.

"ಹಿಂದಿನ ಬೀದಿಯೋರು ತಾಯಿ. ಬೇರೆ ಬೇರೆ ಮಾಡೇ ತಂದಿದೀವಿ, ನೋಡಿ ಬೇಕಾದ್ರೆ." ಅತ್ತೆ ಭಕ್ತಿಯಿಂದ ಬಕೆಟ್ಟನ್ನು ಗೇಟಿನ ಸರಳುಗಳ ಹತ್ತಿರಕ್ಕೆ ಎತ್ತಿದಳು. ಅಮ್ಮಾವ್ರು ಒಳಗೆ ಓಡಿದರು. ಅರ್ಧ ಗಡ್ಡ ಬೋಳಿಸಿಕೊಂಡಿದ್ದ ಸಾಹೇಬರು ಹೊರಗೆ ಬಂದರು.

"ಇಲ್ಲಿಗ್ಯಾಕ್ರೋ ತಂದ್ರಿ? ನಿಮ್ಮ ಬೀದಿ ಗುಡ್ಸೋಳ ಕೈಗೆ ಕೊಡಿ ಅಂದಿದ್ದೆ ತಾನೇ?"

"ಅವಳಿಗೇ ಸ್ವಾಮಿ. ಅಗೋ, ನಿಮ್ಮ ನಾಯಿ ಬೆನ್ನು ಉಜ್ತಾ ಕೂತಿದಾಳಲ್ಲ."

ಎದುರು ಬಾಲ್ಕನಿಯಿಂದ ಯಾರೋ ಕೇಳಿದರು: "ಅಂದ್ರೆ ಸಾರ್, ಆಕೆ ಸಂಬಳ ನಮ್ಮ ಕಂದಾಯದ್ದಾ?"

ಸಾಹೇಬರ ಮುಖದಲ್ಲಿ ಸೋಪಿಲ್ಲದ ಅರ್ಧವೂ ಬೆಳ್ಳಗಾಯಿತು. ಅವರು ಚೋಟಮ್ಮನ ಹತ್ತಿರ ಬಂದು ಬಗ್ಗಿದರು. ಅಷ್ಟು ದಿನದಲ್ಲಿ ಮೊದಲ ಸಲ ಅವಳನ್ನು ಅಮ್ಮ ಎಂದರು.

"ನೋಡಮ್ಮ, ಇವರಿಗೆ ಹೇಳು. ಬೀದಿ ಕೆಲಸ ಮುಗಿಸ್ಕೊಂಡು, ನೀನಾಗೇ ಇಷ್ಟಪಟ್ಟು ಇಲ್ಲಿಗೆ ಬರ್ತೀಯ ಅಂತ. ಅಷ್ಟೇ ಹೇಳು. ಪಟ್ಟಿಗೆ ಇವತ್ತೇ ಸಹಿ ಹಾಕ್ತೀನಿ."

ಮಾತು ಚೋಟಮ್ಮನ ನಾಲಗೆಯ ತುದಿಗೆ ಬಂದೇಬಿಟ್ಟಿತ್ತು. ಹೌದು ಎಂದುಬಿಟ್ಟರೆ ಆಯಿತು, ಜನ್ಮಕ್ಕೆ ಸಾಕಾಗುವ ಮಾತು. ಅವಳು ಗೇಟಿನ ಕಡೆ ನೋಡಿದಳು. ಅತ್ತೆ ಅಷ್ಟು ದೂರದಿಂದ ಒಂದೇ ಕೈಯಲ್ಲಿ ಹೊತ್ತು ತಂದ ಬಕೆಟ್ಟನ್ನು ಇನ್ನೂ ನೆಲಕ್ಕೆ ಇಟ್ಟಿರಲಿಲ್ಲ. ಸೊಸೆಯ ಬಾಯಿಂದ ಏನು ಬರುತ್ತದೋ ಎಂದು ಅವಳಿಗೂ ಗೊತ್ತಿರಲಿಲ್ಲ, ಅದು ಮುಖದಲ್ಲಿ ಕಾಣುತ್ತಿತ್ತು.

ಚೋಟಮ್ಮ ಎದ್ದು ಹೋಗಿ ಗೇಟಿನ ಎರಡೂ ಬಾಗಿಲು ತೆಗೆದಳು. ಅತ್ತೆಯ ಕೈಯಿಂದ ಬಕೆಟ್ಟು ಇಸಿದುಕೊಂಡು, ಸಾಹೇಬರ ಕಾರಿನ ಪಕ್ಕದ ನುಣುಪು ಕಲ್ಲಿನ ಮೇಲೆ ಸುರಿದಳು.

"ಹಸೀದು ಈ ಕಡೆ, ಒಣಗಿದ್ದು ಆ ಕಡೆ. ನೂಕಾಡ್ಬೇಡಿ, ಒಬ್ಬೊಬ್ರೇ ಬನ್ನಿ."

"ಏಯ್ ಮುಂಡೇದೇ, ಇಲ್ಯಾಕೆ ಸುರೀತಿದೀಯ?"

"ನನ್ನ ಹಾಜರಿ ಬಿದ್ದಿರೋದು ಇಲ್ಲೇ ಅಲ್ವಾ ಸ್ವಾಮಿ."

"ಇದನ್ನ ಎತ್ತೋರು ಯಾರೇ?"

"ಕಸದ ಟ್ರ್ಯಾಕ್ಟರಿನೋನು ಎತ್ಬೇಕು. ಅವನು ಪುರಸಭೆ ಅಧ್ಯಕ್ಷರ ಮನೇಲಿ ಕಾರು ಓಡಿಸ್ಕೊಂಡಿದಾನೆ. ಇವರಲ್ಲಿ ಅರ್ಧ ಜನಾನ ಆ ಗೇಟಿಗೆ ಕಳಿಸ್ಲಾ?"

ಅವಳು ಆಗಲೇ ಇಸ್ತ್ರಿಯವನ ಬಕೆಟ್ಟಿಗೆ ಕೈ ಚಾಚಿ ನಿಂತಿದ್ದಳು. ಅಷ್ಟರಲ್ಲಿ ಸಾಲಿನ ಬಾಲದಲ್ಲಿದ್ದವರು, ಸಾಹೇಬರ ಉತ್ತರಕ್ಕೆ ಕಾಯದೆ, ತಮ್ಮ ತಮ್ಮ ಬಕೆಟ್ಟು ಎತ್ತಿಕೊಂಡು ಅಧ್ಯಕ್ಷರ ಮನೆಯ ದಾರಿ ಹಿಡಿದಿದ್ದರು.